ಡ್ರಮ್ ಕೋರ್ ಸ್ಪರ್ಧೆ: ಅಂಕ ಹೇಳಲು ಇಷ್ಟು ಹೊತ್ತು ಕಾಯಿಸುವುದೇಕೆ?

ಪ್ರಶ್ನೆ: ನನ್ನ ತಂಗಿಯ ಮಗ ಅಮೆರಿಕದಲ್ಲಿ ಒಂದು ಡ್ರಮ್ ಕೋರ್ ತಂಡದಲ್ಲಿ ಸ್ನೇರ್ ಡ್ರಮ್ ಬಾರಿಸುತ್ತಾನೆ. ಬೇಸಿಗೆಯಲ್ಲಿ ಅವನ ಸ್ಪರ್ಧೆಗಳನ್ನು ನಾವು ಇಲ್ಲಿಂದಲೇ ನೇರ ಪ್ರಸಾರದಲ್ಲಿ ನೋಡುತ್ತೇವೆ. ಅವರ ತಂಡ ಬೇಗ ಆಡಿ ಮುಗಿಸುತ್ತದೆ, ಅಂಕ ಮಾತ್ರ ಎಲ್ಲ ತಂಡಗಳೂ ಆಡಿದ ಮೇಲೆ, ಎರಡು ಮೂರು ಗಂಟೆ ಕಳೆದು ಬರುತ್ತದೆ. ಜಿಮ್ನಾಸ್ಟಿಕ್ಸ್‌ನಲ್ಲಿ ಹುಡುಗಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅಂಕ ಪರದೆಯ ಮೇಲಿರುತ್ತದೆ. ಇಲ್ಲೇಕೆ ಹಾಗಿಲ್ಲ?

ಈ ಪ್ರಶ್ನೆಯನ್ನು ನೀವೊಬ್ಬರೇ ಕೇಳುತ್ತಿಲ್ಲ. ಡ್ರಮ್ ಕೋರ್ ಅಭಿಮಾನಿಗಳು ತಮ್ಮತಮ್ಮಲ್ಲೇ ವರ್ಷಗಳಿಂದ ಇದರ ಬಗ್ಗೆ ಜಗಳವಾಡುತ್ತ ಬಂದಿದ್ದಾರೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಆ ಅಂಕ ನಿಮ್ಮ ಹುಡುಗನ ತಂಡದ ಸ್ವಂತ ಆಸ್ತಿಯಲ್ಲ. ಆ ರಾತ್ರಿ ಮೈದಾನಕ್ಕಿಳಿದ ತಂಡಗಳೆಲ್ಲ ನಿಂತಿರುವ ಒಂದು ಸಾಲಿನಲ್ಲಿ ಅವರಿಗೆ ಸಿಕ್ಕ ಜಾಗ ಅದು. ಸಾಲು ಪೂರ್ತಿಯಾಗುವ ಮೊದಲು ಜಾಗ ಹೇಳುವುದು ಹೇಗೆ?

ಈ ಲೋಕದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಹಿತ್ತಾಳೆಯ ಊದುವಾದ್ಯಗಳು, ಡ್ರಮ್‌ಗಳು, ಜೊತೆಗೆ ಬಾವುಟ ಮತ್ತು ಮರದ ಬಂದೂಕುಗಳನ್ನು ಗಾಳಿಗೆಸೆದು ಹಿಡಿಯುವ ಕಲರ್ ಗಾರ್ಡ್. ಸುಮಾರು ನೂರೈವತ್ತು ಮಂದಿ ಹುಡುಗ ಹುಡುಗಿಯರು ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ಓಡುತ್ತ, ಆಕಾರಗಳನ್ನು ಕಟ್ಟಿ ಕೆಡವುತ್ತ, ಹನ್ನೊಂದು ಹನ್ನೆರಡು ನಿಮಿಷದ ಒಂದೇ ಒಂದು ಪ್ರದರ್ಶನವನ್ನು ಬೇಸಿಗೆಯಿಡೀ ತಿದ್ದಿ ತೀಡುತ್ತಾರೆ. ಕ್ಲಾರಿನೆಟ್, ಕೊಳಲು, ಸ್ಯಾಕ್ಸೊಫೋನ್‌ಗಳಿಗೆ ಇಲ್ಲಿ ಜಾಗವಿಲ್ಲ. ಹಗಲು ಉರಿಬಿಸಿಲಿನಲ್ಲಿ ಅಭ್ಯಾಸ, ಸಂಜೆ ಸ್ಪರ್ಧೆ, ರಾತ್ರಿ ಬಸ್ಸಿನಲ್ಲಿ ಮುಂದಿನ ಊರು, ಅಲ್ಲಿ ಯಾವುದೋ ಶಾಲೆಯ ಜಿಮ್‌ನ ನೆಲದ ಮೇಲೆ ನಿದ್ದೆ. ಇದನ್ನೆಲ್ಲ ನಡೆಸುವ ಡ್ರಮ್ ಕೋರ್ಸ್ ಇಂಟರ್‌ನ್ಯಾಷನಲ್, ಅಂದರೆ ಡಿಸಿಐ, ತನ್ನ ಮೊದಲ ಚಾಂಪಿಯನ್‌ಷಿಪ್ ನಡೆಸಿದ್ದು 1972ರಲ್ಲಿ, ವಿಸ್ಕಾನ್ಸಿನ್‌ನ ವೈಟ್‌ವಾಟರ್ ಎಂಬ ಸಣ್ಣ ಊರಿನಲ್ಲಿ. 2009ರಿಂದ ಫೈನಲ್ ಇಂಡಿಯಾನಾಪೊಲಿಸ್‌ನ ಲ್ಯೂಕಸ್ ಆಯಿಲ್ ಕ್ರೀಡಾಂಗಣದಲ್ಲಿ ಬೀಡುಬಿಟ್ಟಿದೆ.

ಈಗ ಅಂಕದ ವಿಷಯ. ಒಟ್ಟು ನೂರು. ಅದರಲ್ಲಿ ನಲವತ್ತು ‘ಜನರಲ್ ಎಫೆಕ್ಟ್’ಗೆ, ಅಂದರೆ ನೋಡುವವನ ಮೇಲೆ ಒಟ್ಟಾರೆ ಆಗುವ ಪರಿಣಾಮಕ್ಕೆ. ಮೂವತ್ತು ದೃಶ್ಯಕ್ಕೆ, ಮೂವತ್ತು ಸಂಗೀತಕ್ಕೆ. ಸಂಗೀತದ ಮೂವತ್ತನ್ನೇ ಬಿಡಿಸಿ ನೋಡಿ. ಹಿತ್ತಾಳೆ ವಾದ್ಯಕ್ಕೆ ಒಬ್ಬ ತೀರ್ಪುಗಾರ, ತಾಳವಾದ್ಯಕ್ಕೆ ಒಬ್ಬ, ಒಟ್ಟು ಸಂಗೀತಕ್ಕೆ ಮತ್ತೊಬ್ಬ. ಒಬ್ಬೊಬ್ಬರೂ ಇಪ್ಪತ್ತಕ್ಕೆ ಅಂಕ ಕೊಡುತ್ತಾರೆ. ಒಂದು ತಂಡಕ್ಕೆ 18.9, 18.7, 19.0 ಬಂತೆನ್ನಿ, ಕೂಡಿದರೆ 56.6, ಅರ್ಧ ಮಾಡಿದರೆ 28.3. ದೃಶ್ಯಕ್ಕೂ ಇದೇ ಲೆಕ್ಕ. ತೀರ್ಪುಗಾರರು ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡುವಂತಿಲ್ಲ, ಮಾತಾಡಿಕೊಳ್ಳುವಂತಿಲ್ಲ. ಪ್ರದರ್ಶನ ನಡೆಯುತ್ತಿರುವಾಗಲೇ ಪ್ರತಿಯೊಬ್ಬರೂ ತಮಗೆ ಕಂಡದ್ದನ್ನು, ಕೇಳಿದ್ದನ್ನು ಮೈಕಿಗೆ ಹೇಳುತ್ತ ಹೋಗುತ್ತಾರೆ. ಆ ಧ್ವನಿಮುದ್ರಣ ತಂಡದ ಬೋಧಕರಿಗೆ ತಲುಪುತ್ತದೆ. ಮರುದಿನ ಬೆಳಿಗ್ಗೆ ನಿಮ್ಮ ಹುಡುಗನ ಸಾಲು ಯಾವ ನಾಲ್ಕು ಮಾತ್ರೆಗಳನ್ನು ನೂರು ಸಲ ಬಾರಿಸಬೇಕು ಎನ್ನುವುದು ಬಹುಮಟ್ಟಿಗೆ ಅಲ್ಲಿಂದಲೇ ತೀರ್ಮಾನವಾಗುತ್ತದೆ.

ಹಿಂದೆ ಲೆಕ್ಕ ಬೇರೆ ಥರ ಇತ್ತು. ತೀರ್ಪುಗಾರರು ಹಲಗೆ ಹಿಡಿದು ಸಾಲುಗಳ ನಡುವೆ ನಡೆಯುತ್ತ, ಕಂಡ ಪ್ರತಿಯೊಂದು ತಪ್ಪಿಗೂ ಒಂದು ಗೀಟು ಹಾಕುತ್ತಿದ್ದರು. ಗೀಟಿಗೆ 0.1 ಅಂಕ ಕಡಿತ. ಕೋಲು ತಪ್ಪಿತು, ಗೀಟು. ಹೆಜ್ಜೆ ತಪ್ಪಿತು, ಗೀಟು. ಮದುವೆ ಮನೆಯಲ್ಲಿ ಉಪ್ಪು ಹೆಚ್ಚಾಯಿತು, ಸಾರು ಆರಿಹೋಯಿತು ಎಂದು ಎಣಿಸುತ್ತ ಕೂರುವ ಬೀಗರ ಹಾಗೆ. ಈ ‘ಟಿಕ್’ ಪದ್ಧತಿ 1983ರ ಋತುವಿನೊಂದಿಗೆ ಕೊನೆಗೊಂಡಿತು. ಆ ಪದ್ಧತಿಯೇ ಉಳಿದಿದ್ದರೆ ನಿಮ್ಮ ವಾದಕ್ಕೆ ಬಲವಿರುತ್ತಿತ್ತು. ಒಂದು ತಂಡದ ತಪ್ಪೆಣಿಕೆಗೆ ಮುಂದಿನ ತಂಡ ಬರುವುದನ್ನು ಕಾಯಬೇಕಾಗಿಲ್ಲ, ಎಣಿಸಿ ಹೇಳಿದರಾಯಿತು. ಜಿಮ್ನಾಸ್ಟಿಕ್ಸ್ ಇವತ್ತಿಗೂ ಆ ದಾರಿಗೆ ಹತ್ತಿರವಿದೆ. ಯಾವ ಪಲ್ಟಿಗೆ ಎಷ್ಟು ಬೆಲೆ ಎಂದು ಪುಸ್ತಕದಲ್ಲಿ ಮೊದಲೇ ಬರೆದಿಟ್ಟಿರುತ್ತದೆ, ಅದಕ್ಕೇ ಅಂಕ ಬೇಗ ಬರುತ್ತದೆ.

ಡ್ರಮ್ ಕೋರ್‌ನಲ್ಲಿ ಅಂಥ ಬೆಲೆಪಟ್ಟಿ ಇಲ್ಲ. ಒಂದು ತಂಡ ಬಾಕ್ ನುಡಿಸುತ್ತದೆ, ಇನ್ನೊಂದು ಜಾಝ್, ಮತ್ತೊಂದು ಯಾವುದೋ ಸಿನಿಮಾದ ಸಂಗೀತವನ್ನು ಗುರುತು ಸಿಗದಂತೆ ಕತ್ತರಿಸಿ ಜೋಡಿಸಿರುತ್ತದೆ. ತೀರ್ಪುಗಾರನ ಕೈಯಲ್ಲಿ ಮಾನದಂಡಗಳ ಹಾಳೆ ಇರುವುದು ನಿಜ. ಆದರೆ ಕೊನೆಗೆ ಅವನು ಮಾಡುವುದು ಈ ತಂಡ ಆ ತಂಡಕ್ಕಿಂತ ಎಷ್ಟು ಕೂದಲೆಳೆ ಮುಂದೆ ಎಂದು ತೂಗುವುದನ್ನೇ. ಮೊದಲು ಆಡಿದ ತಂಡಕ್ಕೆ 17 ಕೊಡುವಾಗ ಮುಂದೆ ಬರುವ ಹತ್ತು ತಂಡಗಳಿಗೂ ಮೇಲೆ ಜಾಗ ಬಿಟ್ಟಿರಬೇಕು. ಅತ್ತೆ ಮನೆಯಲ್ಲಿ ಮೊದಲ ಪಂಕ್ತಿಗೆ ಹೋಳಿಗೆ ಬಡಿಸುವವಳಿಗಿರುವ ಎಚ್ಚರ ಅವನಿಗೂ ಇರಬೇಕು. ಜೂನ್ ಕೊನೆಗೆ ಎಪ್ಪತ್ತರ ಆಸುಪಾಸಿನಲ್ಲಿದ್ದ ತಂಡ ಆಗಸ್ಟ್‌ನಲ್ಲಿ ತೊಂಬತ್ತು ದಾಟುವುದೂ ಇದೇ ಕಾರಣಕ್ಕೆ. ಹುಡುಗರು ಸುಧಾರಿಸಿರುತ್ತಾರೆ, ಅದು ಸರಿ. ಅದರ ಜೊತೆಗೆ ಏಣಿಯ ಮೆಟ್ಟಿಲುಗಳೇ ಋತುವಿಗೆ ತಕ್ಕಂತೆ ಮೇಲೇರಿರುತ್ತವೆ.

ಪ್ರತಿ ಪ್ರದರ್ಶನದ ಬೆನ್ನಿಗೇ ಅಂಕ ಕೂಗಿದರೆ ಏನಾಗುತ್ತದೆ ನೋಡಿ. ತಾಳವಾದ್ಯದ ತೀರ್ಪುಗಾರನಿಗೆ ಮೂರನೆಯ ತಂಡ ಅಷ್ಟಾಗಿ ಹಿಡಿಸಿಲ್ಲ. ಧ್ವನಿವರ್ಧಕ ಆ ತಂಡದ ಒಟ್ಟು ಅಂಕ ಹೇಳುತ್ತದೆ, ಕೇಳಿದರೆ ಅವನ ಅಂದಾಜಿಗಿಂತ ಬಹಳ ಮೇಲಿದೆ. ಉಳಿದವರು ಕೈಬಿಚ್ಚಿ ಕೊಟ್ಟಿದ್ದಾರೆ ಎಂದಾಯಿತು. ನಾಲ್ಕನೆಯ ತಂಡ ಬಂದಾಗ ಅವನ ಪೆನ್ನು ಮೊದಲಿನಷ್ಟು ಧೈರ್ಯವಾಗಿ ಓಡೀತೇ? ತೀರ್ಪುಗಾರರು ಮಾತಾಡಿಕೊಳ್ಳಬಾರದು ಎಂಬ ನಿಯಮವನ್ನು ಧ್ವನಿವರ್ಧಕವೇ ಎಲ್ಲರ ಪರವಾಗಿ ಮುರಿದಂತೆ. ಈಗಲೇ ಅಭಿಮಾನಿಗಳು ‘ಸ್ಲಾಟಿಂಗ್’ ಎಂದು ಗೊಣಗುತ್ತಾರೆ. ನಿನ್ನೆ ಐದನೆಯ ಸ್ಥಾನದಲ್ಲಿದ್ದವರನ್ನು ಇವತ್ತೂ ಐದರಲ್ಲೇ ಕೂರಿಸುತ್ತಾರೆ ಎಂಬುದು ಆ ಪದದ ಹಿಂದಿನ ದೂರು. ಪೂರ್ತಿ ಸುಳ್ಳೆಂದು ನಾನು ವಾದಿಸಲಾರೆ. ತಕ್ಷಣ ಅಂಕ ಹೇಳುವುದರಿಂದ ಆ ರೋಗ ಉಲ್ಬಣಿಸೀತೇ ಹೊರತು ವಾಸಿಯಾಗದು.

ಇನ್ನೂ ಒಂದಿದೆ. ಫೈನಲ್‌ನಲ್ಲಿ ಆಡುವ ಕ್ರಮ ಹಿಂದಿನ ರಾತ್ರಿಯ ಸ್ಥಾನದ ತಲೆಕೆಳಗು. ಹನ್ನೆರಡನೆಯವರು ಮೊದಲು, ಮುಂದಿರುವವರು ಕೊನೆಗೆ. ಒಬ್ಬೊಬ್ಬರ ಅಂಕವೂ ಅಲ್ಲಲ್ಲೇ ಬಂದರೆ ಆ ರಾತ್ರಿಯಿಡೀ ಏರುತ್ತ ಹೋಗುವ ಸಂಖ್ಯೆಗಳ ಮೆಟ್ಟಿಲಾಗುತ್ತದೆ, ಅದರಲ್ಲಿ ಕುತೂಹಲ ಉಳಿಯುವುದು ಕೊನೆಯ ಇಬ್ಬರದ್ದು ಮಾತ್ರ. ಹತ್ತನೆಯ ಸ್ಥಾನದಲ್ಲಿರುವ ತಂಡದ ಪ್ರದರ್ಶನವನ್ನು ಯಾರೂ ಪ್ರದರ್ಶನವಾಗಿ ನೋಡುವುದಿಲ್ಲ, ಹನ್ನೊಂದನೆಯವರ ಅಂಕ ದಾಟಿತೇ ಎಂದು ಪರದೆಯ ಕಡೆ ಕತ್ತು ಹೊರಳಿಸುತ್ತಾರೆ.

ಹಾಗಾದರೆ ಅಂಕ ಬರುವುದು ಹೇಗೆ? ಇದಕ್ಕೆ ‘ರಿಟ್ರೀಟ್’ ಎನ್ನುತ್ತಾರೆ. ಸೂರ್ಯ ಮುಳುಗುವಾಗ ಬಾವುಟ ಇಳಿಸುವ ಸೇನೆಯ ಕಹಳೆಯಿಂದ ಬಂದ ಹೆಸರು. ಈ ತಂಡಗಳ ಬೇರು ಇರುವುದು ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರ ಸಂಘಗಳಲ್ಲಿ. ಸಾಮಾನ್ಯ ರಾತ್ರಿಗಳಲ್ಲಿ ತಂಡಗಳ ಡ್ರಮ್ ಮೇಜರ್‌ಗಳು, ಅಂದರೆ ಮುಂದೆ ನಿಂತು ತಂಡ ನಡೆಸುವವರು, ಅಷ್ಟೇ ಮೈದಾನಕ್ಕೆ ಬಂದು ನಿಲ್ಲುತ್ತಾರೆ. ಉಳಿದ ಹುಡುಗರು ಅಷ್ಟರಲ್ಲಿ ಲಾರಿಗೆ ಡ್ರಮ್ ತುಂಬುತ್ತಲೋ ತಟ್ಟೆ ಹಿಡಿದು ಊಟದ ಸಾಲಿನಲ್ಲಿ ನಿಂತೋ ಇರುತ್ತಾರೆ. ಫೈನಲ್ ರಾತ್ರಿ ಮಾತ್ರ ಎಲ್ಲ ತಂಡಗಳೂ ಪೂರ್ತಿಯಾಗಿ ಒಳಗೆ ಬರುತ್ತವೆ. ಸಾವಿರಾರು ಮಕ್ಕಳು ಟೋಪಿಯ ಪಟ್ಟಿ ಗಲ್ಲಕ್ಕೆ ಒತ್ತಿಕೊಂಡು, ಕದಲದೆ ನಿಂತಿರುತ್ತಾರೆ. ಹನ್ನೆರಡರಿಂದ ಶುರು ಮಾಡಿ ಒಂದರ ಕಡೆಗೆ ಓದುತ್ತಾರೆ.

ಈ ಓದುವಿಕೆಯ ಸೊಗಸು ಎರಡನೆಯ ಸ್ಥಾನದಲ್ಲಿದೆ. ಮೂರು ಓದಿ ಮುಗಿದಾಗ ಮೈದಾನದಲ್ಲಿ ಹೆಸರು ಬಾರದೆ ಉಳಿದ ತಂಡಗಳು ಎರಡೇ. “ಎರಡನೆಯ ಸ್ಥಾನ” ಎಂದು ಹೇಳಿ, ಅಂಕ ಹೇಳಿ, ಆಮೇಲೆ ಹೆಸರು ಹೇಳುವುದಕ್ಕೆ ಮುಂಚಿನ ಆ ಅರೆ ಕ್ಷಣ. ಹೆಸರು ಬಿದ್ದ ಕೂಡಲೇ ಇನ್ನೊಂದು ತಂಡಕ್ಕೆ ತಾನು ಗೆದ್ದದ್ದು ಗೊತ್ತಾಗಿಬಿಡುತ್ತದೆ, ಮೊದಲ ಸ್ಥಾನ ಓದುವುದು ಯಾರಿಗೂ ಕೇಳಿಸುವುದೇ ಇಲ್ಲ. 2008ರಲ್ಲಿ ಇಂಡಿಯಾನಾದ ಬ್ಲೂಮಿಂಗ್ಟನ್‌ನಲ್ಲಿ ನಡೆದ ಫೈನಲ್‌ನಲ್ಲಿ ಬ್ಲೂ ಡೆವಿಲ್ಸ್ ತಂಡಕ್ಕೆ 98.100, ಸ್ಪಾರ್ಟಕಸ್‌ನ ಕಥೆ ಆಡಿದ ಫ್ಯಾಂಟಮ್ ರೆಜಿಮೆಂಟ್‌ಗೆ 98.125. ನೂರರಲ್ಲಿ 0.025ರ ಅಂತರ. 1996, 1999, 2000ರಲ್ಲಂತೂ ಆ ಅಂತರವೂ ಇರಲಿಲ್ಲ, ಮೂರು ಸಲವೂ ಎರಡೆರಡು ತಂಡಗಳು ಪಟ್ಟ ಹಂಚಿಕೊಂಡವು. 1940ರಲ್ಲಿ ಹುಟ್ಟಿದ ಬಾಸ್ಟನ್ ಕ್ರುಸೇಡರ್ಸ್ ತಂಡ ಡಿಸಿಐ ಪಟ್ಟವನ್ನು ಮೊದಲ ಬಾರಿಗೆ ಗೆದ್ದದ್ದು 2025ರ ಆಗಸ್ಟ್‌ನಲ್ಲಿ. ಅಷ್ಟು ವರ್ಷ ಕಾದವರಿಗೆ ಆ ಸುದ್ದಿ ಪರದೆಯ ಮೂಲೆಯಲ್ಲಿ ಮಿನುಗುವ ಒಂದು ಸಂಖ್ಯೆಯಾಗಿ ಬರಬೇಕಿತ್ತೇ?

ಇಷ್ಟು ಹೇಳಿದ ಮೇಲೂ ಕಾಯಿಸುವವರ ಪರವಾಗಿ ನಾನು ಪೂರ್ತಿ ವಕಾಲತ್ತು ವಹಿಸುವುದಿಲ್ಲ. ಕಾಲೇಜಿನಲ್ಲಿದ್ದಾಗ ಯುವಜನೋತ್ಸವಕ್ಕೆ ಡೊಳ್ಳು ತಂಡದ ಜೊತೆ ಹೋಗಿದ್ದೆ. ಸಂಜೆ ಐದಕ್ಕೆ ನಮ್ಮ ಸರದಿ ಮುಗಿಯಿತು. ಫಲಿತಾಂಶಕ್ಕೆ ಮುಂಚೆ ಅತಿಥಿಗಳ ಭಾಷಣ, ಅತಿಥಿಗಳಿಗೆ ಹಾರ, ಹಾರ ಹಾಕಿದವರಿಗೆ ವಂದನೆ. ರಾತ್ರಿ ಹನ್ನೊಂದೂವರೆಗೆ ಮೈಕು ಕೆಟ್ಟಿತು. ಕೊನೆಯ ಬಸ್ಸು ಹೋಗಿಯಾಗಿತ್ತು. ಬೆಳಗಿನ ಜಾವ ಬಸ್ ನಿಲ್ದಾಣದಲ್ಲಿ ಡೊಳ್ಳಿಗೆ ಒರಗಿ ಕೂತಿದ್ದಾಗ ಯಾರೋ ಬಂದು, ನಿಮಗೆ ಎರಡನೆಯ ಬಹುಮಾನ ಎಂದರು. ಖುಷಿಪಡಲು ಮೈಯಲ್ಲಿ ತ್ರಾಣವಿರಲಿಲ್ಲ.

ಹಾಗಾಗಿ ಕೊನೆಗೆ ಹೇಳುವುದು ಬೇರೆ, ತಡವಾಗಿ ಹೇಳುವುದು ಬೇರೆ. ಕೊನೆಯ ತಂಡ ಮೈದಾನ ಬಿಟ್ಟ ಮೇಲೆ ಕೂಡಿಸಿ, ಸಮಯ ಮೀರಿದ್ದಕ್ಕೋ ನಿಯಮ ತಪ್ಪಿದ್ದಕ್ಕೋ ದಂಡವಿದ್ದರೆ ಕಳೆದು, ಇನ್ನೊಮ್ಮೆ ತಾಳೆ ನೋಡಲು ಸ್ವಲ್ಪ ಹೊತ್ತು ಬೇಕು. ಎಷ್ಟೋ ಕಡೆ ಆ ಹೊತ್ತಿನಲ್ಲಿ ಒಂದು ತಂಡ ಮತ್ತೆ ಬಂದು ನಿಂತು, ಯಾವ ಸ್ಪರ್ಧೆಯ ಹಂಗೂ ಇಲ್ಲದೆ ನುಡಿಸುತ್ತದೆ. ನನ್ನ ಮಟ್ಟಿಗೆ ಸಂಜೆಯ ಅತ್ಯುತ್ತಮ ಹತ್ತು ನಿಮಿಷ ಅದೇ. ಅದಕ್ಕಿಂತ ಹೆಚ್ಚು ಕಾಯಿಸಿದರೆ ಅಭಿಮಾನಿಗಳು ಬೈಯುವುದು ನ್ಯಾಯ. ಮಾರನೆಯ ದಿನ ಐನೂರು ಕಿಲೋಮೀಟರ್ ಆಚೆ ಆಡಬೇಕಾದ ಮಕ್ಕಳನ್ನು ಒಂದು ಸಂಖ್ಯೆಗಾಗಿ ನಿಲ್ಲಿಸಿಕೊಳ್ಳಬಾರದು.

ಸಾಮಾನ್ಯ ರಾತ್ರಿಗಳಲ್ಲಿ ಮೈದಾನದಲ್ಲಿ ಓದುವುದೇ ಬೇಡ, ಮೊಬೈಲಿಗೆ ಹಾಕಿದರೆ ಸಾಕು ಎನ್ನುವವರಿದ್ದಾರೆ. ಅವರಿಗೆ ನನ್ನ ಒಪ್ಪಿಗೆ ಇಲ್ಲ. ಟಿಕೆಟ್ ಕೊಂಡು, ಕಬ್ಬಿಣದ ಬೆಂಚಿನ ಮೇಲೆ ಮೂರು ಗಂಟೆ ಕೂತವನಿಗೆ ಆ ಅಂಕ ಎಲ್ಲರಿಗಿಂತ ಮೊದಲು ಕೇಳಿಸಬೇಕು. ಮನೆಯಲ್ಲಿ ಕೂತ ನೀವು, ನಾನು ಎರಡು ನಿಮಿಷ ಆಮೇಲೆ ತಿಳಿದುಕೊಂಡರೆ ಲೋಕ ಮುಳುಗುವುದಿಲ್ಲ.

ನಿಮಗೆ ಕಾಯುವುದು ಕಷ್ಟವೂ ಅಲ್ಲ. ಇಂಡಿಯಾನಾಪೊಲಿಸ್‌ನಲ್ಲಿ ಶನಿವಾರ ರಾತ್ರಿ 11 ಗಂಟೆ ಎಂದರೆ ನಮ್ಮಲ್ಲಿ ಭಾನುವಾರ ಬೆಳಿಗ್ಗೆ 8.30, ದೋಸೆ ಕಾವಲಿಯ ಮೇಲಿರುವ ಹೊತ್ತು. ಅಂಕ ಬಂದ ಮೇಲೆ ಒಟ್ಟು ಸಂಖ್ಯೆಯಲ್ಲೇ ನಿಲ್ಲಬೇಡಿ. ‘ರೀಕ್ಯಾಪ್’ ಎಂಬ ವಿವರಪಟ್ಟಿ ಪ್ರಕಟವಾಗುತ್ತದೆ, ತೀರ್ಪುಗಾರರೊಬ್ಬೊಬ್ಬರೂ ಯಾವ ವಿಭಾಗಕ್ಕೆ ಎಷ್ಟು ಕೊಟ್ಟರು ಎಂಬುದು ಅದರಲ್ಲಿರುತ್ತದೆ. ಅಲ್ಲಿ ಪರ್ಕಷನ್, ಅಂದರೆ ತಾಳವಾದ್ಯ, ಎಂಬ ಕಂಬಸಾಲಿಗೆ ಹೋಗಿ. ಒಟ್ಟಿನಲ್ಲಿ ಹದಿನಾಲ್ಕನೆಯ ಸ್ಥಾನದಲ್ಲಿರುವ ತಂಡ ಆ ಸಾಲಿನಲ್ಲಿ ಒಂಬತ್ತನೆಯದಾಗಿರುವುದು ಅಪರೂಪವೇನಲ್ಲ. ಹಾಗಿದ್ದರೆ ಹುಡುಗನಿಗೆ ಫೋನು ಮಾಡಿ ಅದನ್ನೇ ಮೊದಲು ಹೇಳಿ, ಅವನು ಬಸ್ಸಿನಲ್ಲಿ ನಿದ್ದೆಹೋಗಿರದಿದ್ದರೆ.