ಐನೂರು ಡಾಲರ್, ಒಂದು ಹಳೇ ಚರ್ಚು: ನಗೆಯ ದಿಕ್ಕು ತಿರುಗಿಸಿದ ನಾಟಕ

ಅಮೆರಿಕದ ಜಾರ್ಜಿಯಾ ರಾಜ್ಯದ ಹತ್ತಿ ಸೀಮೆಗೆ ಪರ್ಲಿ ವಿಕ್ಟೋರಿಯಸ್ ಜಡ್ಸನ್ ಎಂಬ ಕಪ್ಪು ಬೋಧಕನೊಬ್ಬ ವಾಪಸು ಬರುತ್ತಾನೆ. ಬಿಗ್ ಬೆಥೆಲ್ ಎಂಬ ಹಳೇ ಚರ್ಚನ್ನು ಬಿಡಿಸಿಕೊಂಡು ಅಲ್ಲಿ ಬೋಧಿಸಬೇಕೆಂಬುದು ಅವನ ಹಟ. ಅದಕ್ಕೆ ಬೇಕಾದ 500 ಡಾಲರ್ ಅವನ ಕುಟುಂಬದ ಬೀ ಎಂಬಾಕೆಗೆ ಬರಬೇಕಾದದ್ದು, ಆದರೆ ಇರುವುದು ತೋಟದ ಬಿಳಿ ಧಣಿ ಕಾಚಿಪಿಯ ಕೈಯಲ್ಲಿ. ಬೀ ತೀರಿಕೊಂಡಿದ್ದಾಳೆ. ಧಣಿಗೆ ಆ ಸುದ್ದಿ ತಿಳಿದಿಲ್ಲ. ಪರ್ಲಿ ಅಲಬಾಮಾದಿಂದ ಲೂಟಿಬೆಲ್ ಎಂಬ ಮನೆಗೆಲಸದ ಹುಡುಗಿಯನ್ನು ಕರೆತಂದು, ಕಾಲೇಜು ಓದಿದ ಬೀ ಇವಳೇ ಎಂದು ಧಣಿಯ ಮುಂದೆ ನಿಲ್ಲಿಸುತ್ತಾನೆ. ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಆ ಹುಡುಗಿ ರಸೀದಿಗೆ ತನ್ನ ಸ್ವಂತ ಹೆಸರನ್ನೇ ಬರೆದು ಸಹಿ ಹಾಕಿಬಿಡುತ್ತಾಳೆ.

ಓಸ್ಸಿ ಡೇವಿಸ್ ಬರೆದ 'ಪರ್ಲಿ ವಿಕ್ಟೋರಿಯಸ್' ನಾಟಕದ ಎಳೆ ಇದು. 1961ರ ಸೆಪ್ಟೆಂಬರ್ 28ರಂದು ನ್ಯೂಯಾರ್ಕ್‌ನ ರಂಗಮಂದಿರಗಳ ಬೀಡಾದ ಬ್ರಾಡ್‌ವೇಯ ಕಾರ್ಟ್ ರಂಗಮಂದಿರದಲ್ಲಿ ತೆರೆಕಂಡು, ನಂತರ ಲಾಂಗೇಕರ್‌ಗೆ ಸ್ಥಳಾಂತರವಾಗಿ, ಒಟ್ಟು 261 ಪ್ರದರ್ಶನ ಕಂಡಿತು. 1963ರಲ್ಲಿ 'ಗಾನ್ ಆರ್ ದ ಡೇಸ್' ಎಂಬ ಹೆಸರಿನಲ್ಲಿ ಸಿನಿಮಾ ಆಯಿತು. ಮೇಲ್ನೋಟಕ್ಕೆ ವೇಷ ಮರೆಸಿ ಹಣ ಹೊಡೆಯುವ ಹಳೇ ಪ್ರಹಸನ. ಅದರ ನಿಜವಾದ ಕಸುಬು ತಿಳಿಯಬೇಕಾದರೆ ಅಮೆರಿಕದ ರಂಗಭೂಮಿಯಲ್ಲಿ ನಗೆ ಅದುವರೆಗೆ ಯಾರ ಸೊತ್ತಾಗಿತ್ತು ಎಂಬುದನ್ನು ನೋಡಬೇಕು.

1830ರ ಆಸುಪಾಸಿನಲ್ಲಿ ಥಾಮಸ್ ರೈಸ್ ಎಂಬ ಬಿಳಿಯ ನಟ ಸುಟ್ಟ ಬೆಂಡಿನ ಮಸಿಯನ್ನು ಮುಖಕ್ಕೆ ಬಳಿದುಕೊಂಡು 'ಜಿಮ್ ಕ್ರೋ' ಎಂದು ಕುಣಿದು ಹೆಸರು ಮಾಡಿದ. 1843ರ ಹೊತ್ತಿಗೆ ಇದು ಮಿನ್‌ಸ್ಟ್ರೆಲ್ ಪ್ರದರ್ಶನ ಎಂಬ ಪೂರ್ಣ ಪ್ರಕಾರವಾಗಿ ಬೆಳೆಯಿತು. ಮಸಿ ಬಳಿದ ನಟರು ಅರ್ಧ ವೃತ್ತದಲ್ಲಿ ಕೂರುತ್ತಿದ್ದರು, ನಡುವೆ ಗಂಭೀರವಾಗಿ ಪ್ರಶ್ನೆ ಕೇಳುವವನು, ಎರಡು ತುದಿಗೆ ದಡ್ಡ ಉತ್ತರ ಕೊಡುವ ಹಾಸ್ಯಗಾರರು. ಸೋಮಾರಿ, ಧಣಿಯನ್ನು ಕಂಡರೆ ಕರಗುವ ಮುದುಕ, ಮಾಲೀಕರ ಮಕ್ಕಳನ್ನು ಸಾಕುವ ದಪ್ಪ ದಾದಿ: ಈ ಅಚ್ಚುಗಳೆಲ್ಲ ಇಲ್ಲಿ ಗಟ್ಟಿಯಾದವು. ಮುಂದೆ ದಕ್ಷಿಣದ ರಾಜ್ಯಗಳು ಕಪ್ಪು ಜನರನ್ನು ಬೇರೆ ಬೋಗಿ, ಬೇರೆ ಶಾಲೆ, ಬೇರೆ ನಲ್ಲಿಗೆ ದೂಡಿದ ಕಾನೂನುಗಳಿಗೂ ಜಿಮ್ ಕ್ರೋ ಎಂಬ ಹೆಸರೇ ಅಂಟಿಕೊಂಡಿತು. ನೂರು ವರ್ಷ ಕಳೆದರೂ ರೇಡಿಯೋ ಮತ್ತು ಸಿನಿಮಾದಲ್ಲಿ ಅದೇ ಅಚ್ಚುಗಳು. ಕಪ್ಪು ನಟನಿಗೆ ಕೆಲಸ ಬೇಕೆಂದರೆ ಅವುಗಳಲ್ಲೊಂದರೊಳಗೆ ತೂರಿಕೊಳ್ಳಬೇಕಿತ್ತು.

ಡೇವಿಸ್ ಹುಟ್ಟಿದ್ದು 1917ರಲ್ಲಿ, ಜಾರ್ಜಿಯಾದ ಕಾಗ್‌ಡೆಲ್‌ನಲ್ಲಿ. ವೇಕ್ರಾಸ್‌ನಲ್ಲಿ ಬೆಳೆಯುತ್ತಿದ್ದಾಗ ಪೊಲೀಸರು ಆ ಪುಟ್ಟ ಹುಡುಗನನ್ನು ಠಾಣೆಗೆ ಕರೆದೊಯ್ದು, ತಲೆಯ ಮೇಲೆ ಕಬ್ಬಿನ ಪಾಕ ಸುರಿದು ನಕ್ಕಿದ್ದರು. ಆಮೇಲೆ ಕಡಲೆಕಾಯಿ ಚಿಕ್ಕಿ ಕೊಟ್ಟು ಕಳಿಸಿದರು. ಹುಡುಗನೂ ನಕ್ಕಿದ್ದ. ದೊಡ್ಡವನಾದ ಮೇಲೆ ಡೇವಿಸ್ ತಮ್ಮ ಆತ್ಮಕಥನದಲ್ಲಿ ಈ ಘಟನೆಯನ್ನು ದಾಖಲಿಸಿದ್ದಾರೆ. ಅವಮಾನ ಮಾಡಿದವನ ಜೊತೆ ಸೇರಿ ನಗಬೇಕಾದ ಮಗುವಿನ ಪಾಡು ಎಂಥದೆಂದು ಬಲ್ಲವರು ಬರೆದ ಹಾಸ್ಯ ಇದು ಎನ್ನುವುದನ್ನು ನಾಟಕ ಓದುವಾಗ ಮರೆಯಬಾರದು.

ಡೇವಿಸ್ ಮೊದಲು ಬರೆಯಹೊರಟದ್ದು ಗಂಭೀರವಾದ, ಸಿಟ್ಟಿನ ನಾಟಕ. ಅದು ಕೂಡಿಬರಲಿಲ್ಲ. 1953ರಲ್ಲಿ, ಪೂರ್ವ ಯುರೋಪಿನ ಯಹೂದಿಗಳ ಭಾಷೆಯಾದ ಯಿಡ್ಡಿಷ್‌ನ ಲೇಖಕ ಶೋಲೆಮ್ ಅಲೈಕೆಮ್ ಅವರ ಲೋಕವನ್ನು ರಂಗಕ್ಕೆ ತಂದ ಪ್ರಯೋಗವೊಂದರಲ್ಲಿ ರಂಗನಿರ್ವಾಹಕರಾಗಿ ಅವರು ದುಡಿದಿದ್ದರು. ಪೆಟ್ಟು ತಿಂದ ಜನ ತಮ್ಮ ಹಾಸ್ಯವನ್ನು ತಾವೇ ಆಳಬಹುದು ಎಂಬುದಕ್ಕೆ ಅದು ಕಣ್ಣೆದುರಿನ ಮಾದರಿಯಾಯಿತು. ಆ ಪ್ರಯೋಗದ ನಿರ್ದೇಶಕ ಹವರ್ಡ್ ಡ ಸಿಲ್ವಾ ಅವರೇ ಮುಂದೆ 'ಪರ್ಲಿ'ಯನ್ನು ನಿರ್ದೇಶಿಸಿದರು. ಕಮ್ಯುನಿಸ್ಟ್ ಬೇಟೆಯ ಕಾಲದಲ್ಲಿ ಹಾಲಿವುಡ್ ಹೊರಗಟ್ಟಿದ್ದ ನಟ ಅವರು.

ನಾಟಕದ ಬಹುಪಾಲು ಹಾಸ್ಯ ತೋಟದ ಅಂಗಡಿಯ ಲೆಕ್ಕದ ಮೇಲೆ ನಿಂತಿದೆ. 1865ರಲ್ಲಿ ಗುಲಾಮಗಿರಿ ಹೋಯಿತು, ನೆಲ ಮಾತ್ರ ಸಿಗಲಿಲ್ಲ. ಹಾಗಾಗಿ ಪಾಲಿಗೆ ಬೇಸಾಯ. ನೆಲ, ಬೀಜ, ಹೇಸರಗತ್ತೆ ಧಣಿಯದು. ಬೆಳೆದ ಹತ್ತಿಯಲ್ಲಿ ಸಾಮಾನ್ಯವಾಗಿ ಅರ್ಧ ಅವನಿಗೆ. ವರ್ಷವಿಡೀ ಜೋಳದ ಹಿಟ್ಟು, ಉಪ್ಪು ಹಾಕಿದ ಹಂದಿಮಾಂಸ, ಬಟ್ಟೆ ಎಲ್ಲವೂ ಧಣಿಯ ಅಂಗಡಿಯಲ್ಲೇ ಸಾಲ, ಅದೂ ನಗದು ಬೆಲೆಗಿಂತ ಹೆಚ್ಚಿಗೆ. ಸುಗ್ಗಿ ಮುಗಿದ ಮೇಲೆ ಲೆಕ್ಕ ಓದುವವನೂ ಧಣಿಯೇ. ಬಾಕಿ ಮುಂದಿನ ವರ್ಷಕ್ಕೆ. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಅಪರಾಧಿ ಎಂದು ಕಾಣುತ್ತಿದ್ದ ಜಾರ್ಜಿಯಾದ ಕಾನೂನನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 1942ರಲ್ಲಿ! ಎರಡನೇ ಅಂಕ ಇಂಥ ಅಂಗಡಿಯಲ್ಲೇ ನಡೆಯುವುದು ಆಕಸ್ಮಿಕವಲ್ಲ. ಪರ್ಲಿ ಕೇಳುವ ಐನೂರು ಡಾಲರ್ ಚಿಲ್ಲರೆ ಮೊತ್ತವಾಗಿ ಕಾಣಬಹುದು. ಇಂಥ ಖಾತೆಯಿಂದ ಒಂದು ಪೈಸೆಯನ್ನಾದರೂ ಹೊರಗೆ ತೆಗೆಯುವುದು ಎಷ್ಟು ದೊಡ್ಡ ಕೆಲಸ ಎಂದು ಆಗಿನ ಕಪ್ಪು ಪ್ರೇಕ್ಷಕರಿಗೆ ಯಾರೂ ವಿವರಿಸಬೇಕಿರಲಿಲ್ಲ.

ಇನ್ನು ಪಾತ್ರಗಳು. ಡೇವಿಸ್ ಮಿನ್‌ಸ್ಟ್ರೆಲ್‌ನ ಅಚ್ಚುಗಳನ್ನು ಎಸೆಯಲಿಲ್ಲ, ಎಲ್ಲವನ್ನೂ ಮತ್ತೆ ರಂಗಕ್ಕೆ ತಂದರು. ಪರ್ಲಿಯ ಅಣ್ಣ ಗಿಟ್ಲೋ ಧಣಿ ಹೇಳಿದ್ದಕ್ಕೆಲ್ಲ ತಲೆಯಾಡಿಸುವವನು. ಅಡುಗೆಯ ಇಡೆಲಾ ಧಣಿಯ ಮಗ ಚಾರ್ಲಿಯನ್ನು ಎತ್ತಿ ಸಾಕಿದವಳು. ಒಳಗಿನ ಕೀಲು ಮಾತ್ರ ಬೇರೆ. ದಾದಿಯಾಗಿ ಮನೆಯೊಳಗಿದ್ದದ್ದರಿಂದಲೇ ಇಡೆಲಾ ಆ ಹುಡುಗನಿಗೆ ನ್ಯಾಯ ಅನ್ಯಾಯ ಕಲಿಸಿದ್ದಾಳೆ. ಕೊನೆಗೆ ಚರ್ಚನ್ನು ಕೊಳ್ಳಲು ಧಣಿ ಚಾರ್ಲಿಯನ್ನು ಕಳಿಸಿದಾಗ, ಅವನು ಅದನ್ನು ಪರ್ಲಿಯ ಹೆಸರಿಗೆ ನೋಂದಾಯಿಸಿ ಬರುತ್ತಾನೆ. ಕೇಳಿದ ಧಣಿ ನಿಂತಲ್ಲೇ ಪ್ರಾಣ ಬಿಡುತ್ತಾನೆ, ನಿಂತ ಭಂಗಿಯಲ್ಲೇ ಅವನ ಶವಸಂಸ್ಕಾರವೂ ಆಗುತ್ತದೆ.

ಈ ನಾಟಕ ಆಡುವವರು ಎಡವುವುದು ಗಿಟ್ಲೋನಲ್ಲಿ. ನಟ ನಿಜವಾದ ದೈನ್ಯದಿಂದ ಬಾಗಿದರೆ ಹಳೇ ಅಚ್ಚೇ ಜೀವ ಪಡೆಯುತ್ತದೆ. ಪ್ರೇಕ್ಷಕರ ಕಡೆ ಪದೇ ಪದೇ ಕಣ್ಣು ಮಿಟುಕಿಸಿದರೆ ಅಪಾಯವೇ ಉಳಿಯುವುದಿಲ್ಲ, ಧಣಿ ಬರೀ ಪೆದ್ದನಾಗುತ್ತಾನೆ. ಬಾಗುವಿಕೆ ಅಳತೆಗಿಂತ ಒಂದು ಗೇಣು ಜಾಸ್ತಿಯಾಗಬೇಕು, ಅದನ್ನು ಧಣಿ ಮಾತ್ರ ಗಮನಿಸಬಾರದು. ಧಣಿಯ ಪಾತ್ರಧಾರಿಯಂತೂ ಹಾಸ್ಯ ಮಾಡಲೇಬಾರದು. ತನ್ನ ಆಳುಗಳು ತನ್ನನ್ನು ಪ್ರೀತಿಸುತ್ತಾರೆ ಎಂದು ಅವನು ಮನಸಾರೆ ನಂಬಿರಬೇಕು. ಆ ನಂಬಿಕೆ ಗಟ್ಟಿಯಾದಷ್ಟೂ ನಗೆ ಜೋರು. ಗಿಟ್ಲೋ ಆಗಿ ಗಾಡ್‌ಫ್ರೆ ಕೇಂಬ್ರಿಜ್ ಈ ಹದವನ್ನು ಹಿಡಿದು, ಬ್ರಾಡ್‌ವೇಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿಗೆ ನಾಮನಿರ್ದೇಶನ ಪಡೆದರು. ಧಣಿಯಾಗಿ ಸೊರೆಲ್ ಬುಕ್, ಚಾರ್ಲಿಯಾಗಿ ಆಗಿನ್ನೂ ಹೊಸಬರಾಗಿದ್ದ ಅಲನ್ ಆಲ್ಡಾ, ಇಡೆಲಾ ಆಗಿ ಬೀಯಾ ರಿಚರ್ಡ್ಸ್ ಇದ್ದರು. ಪರ್ಲಿ ಮತ್ತು ಲೂಟಿಬೆಲ್ ಆಗಿ ಡೇವಿಸ್ ಮತ್ತು ಅವರ ಪತ್ನಿ ರೂಬಿ ಡೀ.

ಟಿಕೆಟ್ ಮಾರಾಟ ಸುಲಭವಾಗಿರಲಿಲ್ಲ. ಕಪ್ಪು ಚರ್ಚುಗಳು, ಸಂಘಗಳ ಮೂಲಕ ಗುಂಪು ಗುಂಪಾಗಿ ಜನರನ್ನು ಕರೆತರಲಾಯಿತು. ಮಾರ್ಟಿನ್ ಲೂಥರ್ ಕಿಂಗ್ ಕೂಡ ಬಂದು ನೋಡಿದರು. ಪಕ್ಕದಲ್ಲಿ ಬಿಳಿಯ ಪ್ರೇಕ್ಷಕ ಕೂತಿರುವಾಗ ಗಿಟ್ಲೋನನ್ನು ನೋಡಿ ನಗಬಹುದೇ ಎಂಬ ಕಸಿವಿಸಿ ಹಲವರಿಗಿತ್ತು. ಆ ಕಸಿವಿಸಿ ನ್ಯಾಯವಾದದ್ದು. ಆದರೆ ಈ ನಾಟಕದ ಶಕ್ತಿ ಇದ್ದದ್ದೂ ಅಲ್ಲೇ, ಒಂದೇ ಛಾವಣಿಯ ಕೆಳಗೆ ಯಾರು ಯಾವಾಗ ನಗುತ್ತಾರೆ ಎಂಬುದು ಎಲ್ಲರಿಗೂ ಕೇಳಿಸುವುದರಲ್ಲಿ.

ಸಿನಿಮಾಕ್ಕೆ ಬಂದಾಗ ಕಳೆದುಹೋದದ್ದು ಇದೇ. ನಿಕೊಲಸ್ ವೆಬ್‌ಸ್ಟರ್ ನಿರ್ದೇಶನ, ಕಪ್ಪು-ಬಿಳುಪು ಚಿತ್ರ, ಮುಖ್ಯ ನಟರೆಲ್ಲ ಹೆಚ್ಚುಕಡಿಮೆ ರಂಗದವರೇ. ಅಲನ್ ಆಲ್ಡಾಗೆ ಮೊದಲ ಸಿನಿಮಾ. 'ಆನ್ ದ ವಾಟರ್‌ಫ್ರಂಟ್' ಚಿತ್ರಕ್ಕೆ ಆಸ್ಕರ್ ಪಡೆದಿದ್ದ ಬೋರಿಸ್ ಕಾಫ್‌ಮನ್ ಛಾಯಾಗ್ರಹಣ. ರಂಗದಲ್ಲಿ ನಟ ನಗೆ ಏರಿ ಇಳಿಯತೊಡಗುವವರೆಗೆ ಕಾದು ಮುಂದಿನ ಮಾತು ಎತ್ತುತ್ತಾನೆ, ಪ್ರತಿ ರಾತ್ರಿಯೂ ಆ ಬಿಡುವಿನ ಅಳತೆ ಬೇರೆ. ಸಿನಿಮಾದಲ್ಲಿ ಸಂಕಲನದ ಮೇಜಿನ ಮೇಲೆಯೇ ಅದು ಶಾಶ್ವತವಾಗಿ ನಿಗದಿಯಾಗುತ್ತದೆ. ಕಡಿಮೆ ಬಿಟ್ಟರೆ ತುಂಬಿದ ಚಿತ್ರಮಂದಿರದಲ್ಲಿ ಮುಂದಿನ ಮಾತು ನಗೆಯಲ್ಲಿ ಮುಳುಗುತ್ತದೆ, ಹೆಚ್ಚು ಬಿಟ್ಟರೆ ಖಾಲಿ ಮಂದಿರದಲ್ಲಿ ಭಣಗುಡುತ್ತದೆ. ಕೊನೇ ಸಾಲಿಗೆ ತಲುಪಲೆಂದು ಹಿಗ್ಗಿಸಿದ ಅಭಿನಯ ಹತ್ತಿರದ ಚಿತ್ರಿಕೆಯಲ್ಲಿ ವಿಪರೀತವಾಗಿ ಕಾಣುವುದೂ ಉಂಟು. ಈ ಚಿತ್ರ ಎರಡೂ ತೊಂದರೆಗಳನ್ನು ಪೂರ್ತಿ ದಾಟಿಲ್ಲ. ಆದರೂ ಈ ನಟರು ಒಟ್ಟಿಗೆ ಆಡಿದ್ದನ್ನು ನಾವು ಇಂದು ನೋಡಬಹುದಾಗಿದ್ದರೆ ಅದಕ್ಕೆ ಈ ಚಿತ್ರವೇ ಕಾರಣ.

ಮಾರುಕಟ್ಟೆಯೂ ಅನುಕೂಲವಾಗಿರಲಿಲ್ಲ. ದಕ್ಷಿಣದ ಪ್ರದರ್ಶಕರಿಗೆ ಹೆದರಿ ಹಾಲಿವುಡ್ ಕಪ್ಪು ಗಾಯಕಿ ಲೀನಾ ಹಾರ್ನ್ ಅವರ ಹಾಡುಗಳನ್ನು ಕಥೆಗೆ ಪೆಟ್ಟಾಗದಂತೆ ಕತ್ತರಿಸಿ ತೆಗೆಯಲು ಬರುವ ಹಾಗೆ ಚಿತ್ರೀಕರಿಸುತ್ತಿತ್ತು. 1947ರ 'ಕರ್ಲಿ' ಎಂಬ ಮಕ್ಕಳ ಚಿತ್ರದ ತರಗತಿಯಲ್ಲಿ ಕಪ್ಪು ಮತ್ತು ಬಿಳಿ ಮಕ್ಕಳು ಒಟ್ಟಿಗೆ ಇದ್ದಾರೆಂದು ಮೆಂಫಿಸ್‌ನ ಸೆನ್ಸಾರ್ ಮುಖ್ಯಸ್ಥ ಲಾಯ್ಡ್ ಬಿನ್‌ಫರ್ಡ್ ಅದನ್ನು ತಡೆದಿದ್ದ. ಅಂಥ ನೆಲವನ್ನೇ ಗೇಲಿ ಮಾಡುವ ಚಿತ್ರ ತೆರೆಕಂಡದ್ದು 1963ರ ಸೆಪ್ಟೆಂಬರ್‌ನಲ್ಲಿ. ಅದೇ ತಿಂಗಳ 15ರಂದು ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಪ್ಪು ಜನರ ಚರ್ಚೊಂದರಲ್ಲಿ ಬಾಂಬ್ ಸಿಡಿದು ನಾಲ್ವರು ಹುಡುಗಿಯರು ಸತ್ತಿದ್ದರು. ಚರ್ಚೊಂದನ್ನು ಗೆದ್ದುಕೊಳ್ಳುವ ಪ್ರಹಸನಕ್ಕೆ ನಗುವ ಮನಸ್ಸು ಆಗ ಎಷ್ಟು ಜನರಿಗೆ ಇದ್ದೀತು? ಚಿತ್ರ ಸೋತಿತು. ಆಮೇಲೆ 'ದ ಮ್ಯಾನ್ ಫ್ರಮ್ ಕಾಟನ್' ಎಂಬ ಹೆಸರಿನಲ್ಲೂ ಓಡಾಡಿತು.

ಆದರೆ ದಾರಿ ತೆರೆದಿತ್ತು. 1965ರಲ್ಲಿ ಡಗ್ಲಸ್ ಟರ್ನರ್ ವಾರ್ಡ್ ತಮ್ಮ 'ಡೇ ಆಫ್ ಆಬ್ಸೆನ್ಸ್'ನಲ್ಲಿ ಕಪ್ಪು ನಟರಿಗೆ ಬಿಳಿ ಬಣ್ಣ ಬಳಿದು, ಊರಿನ ಕಪ್ಪು ಜನರೆಲ್ಲ ಒಂದು ದಿನ ಕಾಣೆಯಾದರೆ ದಕ್ಷಿಣದ ಪಟ್ಟಣ ಹೇಗೆ ಕುಸಿಯುತ್ತದೆಂದು ತೋರಿಸಿದರು. 1970ರಲ್ಲಿ 'ಪರ್ಲಿ' ಸಂಗೀತ ನಾಟಕವಾಗಿ 688 ಪ್ರದರ್ಶನ ಕಂಡಿತು. ಕ್ಲೀವನ್ ಲಿಟಲ್ ಮತ್ತು ಮೆಲ್ಬಾ ಮೂರ್ ಇಬ್ಬರಿಗೂ ಟೋನಿ ಬಂತು. ಮೂಲ ನಾಟಕ ಮಾತ್ರ ಬ್ರಾಡ್‌ವೇಗೆ ಮರಳಲು 2023ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಕೆನಿ ಲಿಯಾನ್ ನಿರ್ದೇಶನದಲ್ಲಿ ಲೆಸ್ಲಿ ಓಡಮ್ ಜೂನಿಯರ್ ಪರ್ಲಿಯಾದರು. ಲೂಟಿಬೆಲ್ ಆದ ಕಾರಾ ಯಂಗ್‌ಗೆ ಟೋನಿ ಸಿಕ್ಕಿತು. ಆ ಪ್ರಯೋಗವನ್ನು ಸಿನಿಮಾ ಮಾಡಹೋಗದೆ, ಮ್ಯೂಸಿಕ್ ಬಾಕ್ಸ್ ರಂಗಮಂದಿರದಲ್ಲೇ ನಾಟಕವನ್ನು ನಾಟಕವಾಗಿಯೇ ಚಿತ್ರೀಕರಿಸಿ 2024ರ ಮೇ ತಿಂಗಳಲ್ಲಿ ಪಿಬಿಎಸ್ ವಾಹಿನಿ ಪ್ರಸಾರ ಮಾಡಿತು. 1963ರ ಚಿತ್ರವನ್ನೂ ಇದನ್ನೂ ಒಂದರ ಹಿಂದೊಂದು ನೋಡುವವರು ರಸೀದಿಗೆ ಸಹಿ ಹಾಕುವ ದೃಶ್ಯವನ್ನು ಎರಡರಲ್ಲೂ ಹೋಲಿಸಿ ನೋಡಲಿ.