ಬೋರ್ಡು ಬದಲಾಯಿತು, ಬೆರಳು ಬದಲಾಗಲಿಲ್ಲ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಬ್ಯಾಂಕಿನ ಕೌಂಟರ್ ಮುಂದೆ ನಿಲ್ಲಲೂ ಜಾಗ ಇರುವುದಿಲ್ಲ. "ಮೇಡಂ, ದಲಾಲರು ಹಾಕಿದ ರೊಕ್ಕ ಜಮಾ ಆಗೇತೇನ ನೋಡ್ರಿ" ಎಂದು ರೈತರು ಕೇಳುತ್ತಾರೆ. ಒಳಗೆ ಕೂತವರು ಹೊಸ ಸ್ಕ್ರೀನಿನಲ್ಲಿ ಎಲ್ಲಿ ಒತ್ತಬೇಕೆಂದು ಹುಡುಕುತ್ತಿರುತ್ತಾರೆ. ಹೋದ ತಿಂಗಳಷ್ಟೇ ಮೂರು ದಿನ ತರಬೇತಿ ಮುಗಿಸಿ ಬಂದವರು! ಕಲಿತದ್ದು ಎಲ್ಲಿ ಹೋಯಿತು?

ನಮ್ಮ ಕಡೆಯ ಬ್ಯಾಂಕ್ ನೌಕರರಿಗೆ ಹೊಸದು ಕಲಿಯುವುದು ತಪ್ಪಿದ್ದಲ್ಲ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೆ ಸೇರಿತು. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಬಳ್ಳಾರಿಯ ಗ್ರಾಮೀಣ ಬ್ಯಾಂಕಿನ ಜೊತೆ ಒಂದಾಯಿತು. ಬೋರ್ಡು ರಾತ್ರೋರಾತ್ರಿ ಬದಲಾಗುತ್ತದೆ, ಬೆರಳಿನ ರೂಢಿ ಹಾಗಲ್ಲ. ಹಳೇ ಕಲಿಕೆ ಹೊಸದಕ್ಕೆ ಅಡ್ಡ ಬರುತ್ತದೆ. ಇಪ್ಪತ್ತು ವರ್ಷ ಪಳಗಿದವರೂ ತಡವರಿಸುವುದು ಇದಕ್ಕೇ.

ಜೊತೆಗೆ ಮರೆವು. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳ ಸಾಲುಗಳನ್ನು ತಾವೇ ಬಾಯಿಪಾಠ ಮಾಡಿ, ಮರೆತದ್ದನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಒಂದೇ ಗಂಟೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಸೋರಿಹೋಗಿತ್ತು. ಬ್ಯಾಂಕಿನ ನಿಯಮಗಳಿಗೆ ಅರ್ಥ ಇದೆ (ಕೆಲವು ಸುತ್ತೋಲೆ ಓದಿದರೆ ಅನುಮಾನ ಬರುತ್ತದೆ, ಆ ಮಾತು ಬೇರೆ), ಹಾಗಾಗಿ ಸೋರಿಕೆ ಅಷ್ಟು ಜೋರಾಗಿರದು. ಆದರೂ ಸೋರುತ್ತದೆ. ತಡೆಯುವ ದಾರಿಯೂ ಎಬ್ಬಿಂಗ್‌ಹೌಸ್ ಅವರಿಗೆ ಸಿಕ್ಕಿತ್ತು: ಒಂದೇ ದಿನ ಗಂಟಲು ಹರಿಯುವಷ್ಟು ಉರು ಹೊಡೆಯುವ ಬದಲು ನಡುನಡುವೆ ದಿನ ಬಿಟ್ಟು ಕಲಿಯುವುದು. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಇನ್ನೊಂದನ್ನು ತೋರಿಸಿದರು. ಪಾಠವನ್ನು ಮತ್ತೆ ಓದಿದವರಿಗಿಂತ, ಪುಸ್ತಕ ಮುಚ್ಚಿ ನೆನಪಿಸಿಕೊಂಡವರಿಗೆ ವಾರದ ನಂತರ ಜಾಸ್ತಿ ನೆನಪಿತ್ತು.

ಇದಕ್ಕೂ ಕೆಲಸದ ಖುಷಿಗೂ ನಂಟಿದೆ. 1959ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಸುಮಾರು 200 ಎಂಜಿನಿಯರ್, ಲೆಕ್ಕಿಗರ ಮಾತುಗಳನ್ನು ಸೇರಿಸಿ ಒಂದು ವಾದ ಮಂಡಿಸಿದರು. ಸಂಬಳ, ಮೇಲಧಿಕಾರಿ, ಕಚೇರಿಯ ನಿಯಮ ಸರಿಯಿಲ್ಲದಿದ್ದರೆ ಬೇಸರ ಹುಟ್ಟುತ್ತದೆ. ಖುಷಿ ಹುಟ್ಟುವುದು ಮಾತ್ರ ಕೆಲಸ ಕೈಗೂಡಿದಾಗ, ಅದನ್ನು ನಾಲ್ಕು ಜನ ಗುರುತಿಸಿದಾಗ. ಗೆದ್ದರೆ ನಾನು, ಸೋತರೆ ಸಾಹೇಬರು ಅನ್ನುವುದು ಮನುಷ್ಯ ಸ್ವಭಾವ ಅಲ್ವಾ ಎಂದು ಟೀಕಿಸಿದವರೂ ಇದ್ದಾರೆ. ಟೀಕೆಯಲ್ಲಿ ಹುರುಳಿದೆ. ಆದರೂ ಸಾಲಿನಲ್ಲಿ ಹತ್ತು ಜನ ನಿಂತಿರುವಾಗ "ತಡೀರಿ, ಸಾಹೇಬ್ರನ್ನ ಕೇಳ್ತೀನಿ" ಎಂದು ಎದ್ದು ಹೋಗುವುದು ಎಂಥ ಮುಜುಗರ, ಕೌಂಟರಿನಲ್ಲಿ ಕೂತವರಿಗೇ ಗೊತ್ತು.

ನನ್ನ ಕೇಳಿದರೆ, ದೂರದ ಸಭಾಂಗಣದ ಮೂರು ದಿನಕ್ಕಿಂತ ಶಾಖೆಯಲ್ಲೇ ವಾರಕ್ಕೊಮ್ಮೆ, ಶಟರ್ ಎತ್ತುವ ಮೊದಲಿನ ಇಪ್ಪತ್ತು ನಿಮಿಷ ಮೇಲು. ಒಬ್ಬರು ರೈತರಾಗಿ ಪ್ರಶ್ನೆ ಕೇಳಲಿ, ಇನ್ನೊಬ್ಬರು ಹಾಳೆ ನೋಡದೆ ಮಾಡಿ ತೋರಿಸಲಿ. ಈಗ ನಡೆಯುವುದೇ ಬೇರೆ. ಕೊನೆಯ ದಿನ ಹೋಳಿಗೆ ಊಟ ಆದ ಮೇಲೆ "ತರಬೇತಿ ತೃಪ್ತಿ ತಂದಿದೆಯೇ?" ಎಂಬ ಫಾರಂ ಕೈಗೆ ಬರುತ್ತದೆ. ಹೊಟ್ಟೆ ತುಂಬಿದವರು ಇನ್ನೇನು ಬರೆದಾರು? ಅದೇ ಫಾರಂ ಒಂದು ತಿಂಗಳು ಬಿಟ್ಟು, ಸುಗ್ಗಿಯ ಸೋಮವಾರ ಕೌಂಟರಿಗೆ ಬರಬೇಕಿತ್ತು.