ಕ್ಯಾಲೆಂಡರ್ ನೋಡದೆ ಈಸ್ಟರ್ ಯಾವತ್ತು ಅಂತ ಹೇಳಬಹುದಾ?

ಓದುಗರ ಪ್ರಶ್ನೆ: ಕ್ರಿಸ್‌ಮಸ್ ಡಿಸೆಂಬರ್ 25 ಬಿಟ್ಟು ಕದಲುವುದಿಲ್ಲ. ಈಸ್ಟರ್ ಮಾತ್ರ ಒಂದು ವರ್ಷ ಮಾರ್ಚ್‌ನಲ್ಲಿ, ಇನ್ನೊಂದು ವರ್ಷ ಏಪ್ರಿಲ್‌ನಲ್ಲಿ. ಇದನ್ನು ಗೊತ್ತು ಮಾಡುವುದು ಹೇಗೆ? ಪೆನ್ನು, ಕಾಗದ ಇಟ್ಟುಕೊಂಡು ನಾವೇ ಲೆಕ್ಕ ಹಾಕಬಹುದಾ?

ಹಾಕಬಹುದು. ಕೂಡುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು.

ನಿಯಮ ಇಷ್ಟೇ. ಹಗಲು ರಾತ್ರಿ ಸಮನಾಗುವ ದಿನ ಅಂತ ಚರ್ಚ್ ಹಿಡಿದಿರುವ ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ ಹಿಡಿಯಿರಿ. ಅದರ ಮುಂದಿನ ಭಾನುವಾರವೇ ಈಸ್ಟರ್. ಹುಣ್ಣಿಮೆಯೇ ಭಾನುವಾರ ಬಿದ್ದರೆ ಇನ್ನೊಂದು ವಾರ ಕಾಯಬೇಕು. ಹೀಗಾಗಿ ಹಬ್ಬ ಮಾರ್ಚ್ 22ಕ್ಕಿಂತ ಮುಂಚೆ ಬರುವುದಿಲ್ಲ, ಏಪ್ರಿಲ್ 25 ದಾಟುವುದಿಲ್ಲ.

ಇದಕ್ಕೊಂದು ಚಿಕ್ಕ ಸೂತ್ರವನ್ನು ಜರ್ಮನಿಯ ಗಣಿತಜ್ಞ ಗೌಸ್ 1800ರಲ್ಲಿ ಪ್ರಕಟಿಸಿದರು. 1900ರಿಂದ 2099ರವರೆಗೆ ಅದರ ರೂಪ ಒಂದೇ. 2027ಕ್ಕೆ ಹಾಕಿ ನೋಡೋಣ.

2027ನ್ನು 19ರಿಂದ ಭಾಗಿಸಿದರೆ ಶೇಷ 13. 4ರಿಂದ ಭಾಗಿಸಿದರೆ ಶೇಷ 3. 7ರಿಂದ ಭಾಗಿಸಿದರೆ 4. ಭಾಗಲಬ್ಧ ನಮಗೆ ಬೇಡ, ಶೇಷಗಳನ್ನಷ್ಟೇ ಬರೆದಿಟ್ಟುಕೊಳ್ಳಿ.

ಮೊದಲು ಹುಣ್ಣಿಮೆ. 13ನ್ನು 19ರಿಂದ ಗುಣಿಸಿ 24 ಕೂಡಿಸಿ. 271 ಆಯಿತು. ಇದನ್ನು 30ರಿಂದ ಭಾಗಿಸಿದರೆ ಶೇಷ 1. ಅಂದರೆ ಮಾರ್ಚ್ 21 ಆಗಿ ಒಂದು ದಿನಕ್ಕೆ, ಮಾರ್ಚ್ 22ಕ್ಕೆ ಹುಣ್ಣಿಮೆ.

ಆಮೇಲೆ ಭಾನುವಾರ. ಎರಡನೇ ಶೇಷ 3ರ ಎರಡು ಪಟ್ಟು 6. ಮೂರನೇ ಶೇಷ 4ರ ನಾಲ್ಕು ಪಟ್ಟು 16. ಈಗಷ್ಟೇ ಸಿಕ್ಕ 1ರ ಆರು ಪಟ್ಟು 6. ಮೇಲೆ 5. ಒಟ್ಟು 33. 7ರಿಂದ ಭಾಗಿಸಿದರೆ ಶೇಷ 5.

ಕೊನೆಗೆ 22ಕ್ಕೆ ಆ 1, ಈ 5 ಎರಡನ್ನೂ ಸೇರಿಸಿ: ಮಾರ್ಚ್ 28. ಮೊತ್ತ 31 ದಾಟಿದರೆ 31 ಕಳೆದು ಏಪ್ರಿಲ್ ಅಂತ ಓದಿಕೊಳ್ಳಿ. 2028ನ್ನು ನೀವೇ ಮಾಡಿ ನೋಡಿ, ಏಪ್ರಿಲ್ 16 ಬರಬೇಕು.

ಇಲ್ಲಿ 19 ಎರಡು ಸಲ ಬಂತು, ಅಲ್ವಾ? ಭಾಗಿಸಿದ 19 ಬೇರೆ, ಗುಣಿಸಿದ 19 ಬೇರೆ. 19 ವರ್ಷಕ್ಕೆ ಹೆಚ್ಚುಕಡಿಮೆ ಸರಿಯಾಗಿ 235 ಚಾಂದ್ರಮಾಸ ಆಗುತ್ತವೆ, ಆಮೇಲೆ ಹುಣ್ಣಿಮೆಗಳು ಮತ್ತೆ ಅದೇ ತಾರೀಖುಗಳಿಗೆ ಬರುತ್ತವೆ. ನಮ್ಮಲ್ಲಿ 19 ವರ್ಷಕ್ಕೆ 7 ಅಧಿಕ ಮಾಸ ಬರುವುದೂ ಇದೇ ಕಾರಣಕ್ಕೆ. ಭಾಗಿಸಿದ್ದು ಇದಕ್ಕಾಗಿ. ಇನ್ನು 12 ಚಾಂದ್ರಮಾಸ ಸೇರಿದರೆ 354 ದಿನ, ವರ್ಷಕ್ಕಿಂತ 11 ದಿನ ಕಡಿಮೆ. ಹಾಗಾಗಿ ಹುಣ್ಣಿಮೆ ಪ್ರತಿವರ್ಷ 11 ದಿನ ಹಿಂದಕ್ಕೆ ಸರಿಯುತ್ತದೆ. 30ರ ಸುತ್ತಿನಲ್ಲಿ 11 ಹಿಂದೆ ಹೋದರೂ ಒಂದೇ, 19 ಮುಂದೆ ಹೋದರೂ ಒಂದೇ. ಕಳೆಯುವ ರಗಳೆ ಬೇಡ ಅಂತ 19ರಿಂದ ಗುಣಿಸುವುದು. ವಾರದ ಲೆಕ್ಕದಲ್ಲಿ ಇಷ್ಟು ಸ್ವಾರಸ್ಯ ಇಲ್ಲ, ಅಲ್ಲಿ 4 ಇರುವುದು ಅಧಿಕ ವರ್ಷಕ್ಕೆ, 7 ಇರುವುದು ವಾರಕ್ಕೆ.

ಸೂತ್ರ ತಪ್ಪುವ ವರ್ಷಗಳೂ ಇವೆ. ಈ ಶತಮಾನದಲ್ಲಿ ಎರಡೇ: 2049 ಮತ್ತು 2076. ಆ ಎರಡಕ್ಕೂ ಬಂದ ಉತ್ತರದಲ್ಲಿ 7 ದಿನ ಕಳೆಯಬೇಕು.

ಇನ್ನೊಂದು ವಿಷಯ. ಚರ್ಚಿನ ಹುಣ್ಣಿಮೆ ಆಕಾಶದ್ದಲ್ಲ, ಕೋಷ್ಟಕದ್ದು. 2019ರಲ್ಲಿ ಹಗಲು ರಾತ್ರಿ ಸಮನಾಗಿ ಸುಮಾರು ನಾಲ್ಕು ಗಂಟೆಗೆಲ್ಲ ಹುಣ್ಣಿಮೆ ಆಯಿತು. ನಮ್ಮ ಗಡಿಯಾರದಲ್ಲಿ ಅದು ಮಾರ್ಚ್ 21ರ ಬೆಳಿಗ್ಗೆ. ಆಕಾಶ ನೋಡಿ ಹೇಳಿದರೆ ಮಾರ್ಚ್ 24ಕ್ಕೇ ಈಸ್ಟರ್. ಆದರೆ ಕೋಷ್ಟಕದಲ್ಲಿ ಆ ಹುಣ್ಣಿಮೆ ಮಾರ್ಚ್ 20ಕ್ಕೆ ಬಿದ್ದಿತ್ತು, ಒಂದೇ ದಿನದಲ್ಲಿ ಕೈತಪ್ಪಿತು. ಹಬ್ಬ ಏಪ್ರಿಲ್ 21ಕ್ಕೆ ಹೋಯಿತು. ಇದನ್ನು ದೋಷ ಅನ್ನುವವರಿದ್ದಾರೆ. ನನಗೇನೋ ಇದೇ ಅನುಕೂಲ ಅನ್ನಿಸುತ್ತದೆ: ಯಾವ ದೇಶದಲ್ಲಿ ಕೂತು ಲೆಕ್ಕ ಹಾಕಿದರೂ ಒಂದೇ ಉತ್ತರ.

ನಮ್ಮ ಪಂಚಾಂಗದ ಜೊತೆ ಇಟ್ಟು ನೋಡಿದರೆ, ಹೆಚ್ಚಿನ ವರ್ಷ ಈಸ್ಟರ್‌ನ ಹುಣ್ಣಿಮೆಯೇ ಚೈತ್ರದ ಹುಣ್ಣಿಮೆ, ಬೆಂಗಳೂರು ಕರಗದ ಹುಣ್ಣಿಮೆ. 2025ರಲ್ಲಿ ಏಪ್ರಿಲ್ 12ಕ್ಕೆ ಕರಗ, 20ಕ್ಕೆ ಈಸ್ಟರ್. ಕೆಲವು ವರ್ಷ ಮಾತ್ರ ಅದು ಹೋಳಿ ಹುಣ್ಣಿಮೆಯಾಗಿಬಿಡುತ್ತದೆ. 2024ರಲ್ಲಿ ಹಾಗಾಗಿ, ಮಾರ್ಚ್ 31ಕ್ಕೇ ಈಸ್ಟರ್ ಮುಗಿಯಿತು, ಕರಗ ಬಂದದ್ದು ಏಪ್ರಿಲ್ 23ಕ್ಕೆ. 2027ರಲ್ಲಿಯೂ ಯುಗಾದಿಗೆ ಮೊದಲೇ ಈಸ್ಟರ್.

ಈಸ್ಟರ್ ಸಿಕ್ಕಿತು ಅಂದರೆ ಉಳಿದವು ಸಲೀಸು. 46 ದಿನ ಹಿಂದೆ ವಿಭೂತಿ ಬುಧವಾರ, 2 ದಿನ ಹಿಂದೆ ಗುಡ್ ಫ್ರೈಡೇ, 39 ದಿನ ಮುಂದೆ ಯೇಸುವಿನ ಸ್ವರ್ಗಾರೋಹಣದ ಹಬ್ಬ. ಗೌಸ್‌ಗೆ ಈ 39 ಬಹಳ ಬೇಕಾದ ಸಂಖ್ಯೆ. ಅವರ ತಾಯಿಗೆ ಮಗ ಹುಟ್ಟಿದ ತಾರೀಖು ಗೊತ್ತಿರಲಿಲ್ಲವಂತೆ. 1777ರಲ್ಲಿ, ಸ್ವರ್ಗಾರೋಹಣದ ಹಬ್ಬಕ್ಕೆ ಎಂಟು ದಿನ ಮುಂಚಿನ ಬುಧವಾರ ಅನ್ನುವುದಷ್ಟೇ ನೆನಪು. 1700ರ ದಶಕಗಳಿಗೆ ಸೂತ್ರದಲ್ಲಿ 24ರ ಬದಲು 23, 5ರ ಬದಲು 3 ಹಾಕಬೇಕು. ಆಗ 1777ರ ಈಸ್ಟರ್ ಮಾರ್ಚ್ 30. ಅಲ್ಲಿಂದ 39 ದಿನಕ್ಕೆ ಮೇ 8. ಎಂಟು ದಿನ ಹಿಂದೆ ಬನ್ನಿ: ಏಪ್ರಿಲ್ 30, ಬುಧವಾರ.